ಬೇಸ್‌ಬಾಲ್ ಡ್ರಾಫ್ಟ್ ಕುರಿತು ವಾದಕ್ಕಿಳಿಯುವ ಮುನ್ನ

ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆಯ ಚಹಾದ ಜೊತೆ ಐಪಿಎಲ್ ಹರಾಜನ್ನು ಚರ್ಚಿಸಿ ಪಳಗಿದವರು ಅಮೆರಿಕದ ಬೇಸ್‌ಬಾಲ್ ತಂಡವೊಂದರ ಪರ ವಾದಿಸುವಾಗ ಮೊದಲು ಮರೆಯಬೇಕಾದದ್ದು ಹರಾಜನ್ನೇ. ಅಲ್ಲಿ ಜುಲೈ ತಿಂಗಳ ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯಂತೆ 20 ಸುತ್ತುಗಳಲ್ಲಿ ಶಾಲಾ ಕಾಲೇಜುಗಳ ಆಟಗಾರರನ್ನು ಆರಿಸುತ್ತವೆ. ಹಾಗೆ ಆಯ್ಕೆಯಾದ ಹುಡುಗನು ಕಿರಿಯ ಲೀಗುಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಮುಖ್ಯ ತಂಡವನ್ನು ತಲುಪಲು ಸಾಮಾನ್ಯವಾಗಿ ಕೆಲವು ವರ್ಷಗಳೇ ಬೇಕಾಗುತ್ತವೆ. ಆದ್ದರಿಂದ ಈ ಋತುವಿನ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಕೊರತೆಯನ್ನು ಡ್ರಾಫ್ಟ್‌ನಿಂದ ತುಂಬಿಸಿ ಎನ್ನುವುದು ದುರ್ಬಲ ವಾದ. ಇಂದಿನ ಕೊರತೆಗೆ ಆಟಗಾರರ ವಿನಿಮಯವೇ ಮದ್ದು. ಡ್ರಾಫ್ಟ್‌ನಲ್ಲಿ ಪ್ರತಿಭೆಯನ್ನಷ್ಟೇ ನೋಡಬೇಕೆಂಬುದು ನನ್ನ ಮತ.

ಮುಖ್ಯ ತಂಡದ ಸಕ್ರಿಯ ಪಟ್ಟಿಯಲ್ಲಿ, ಅಂದರೆ ಪಂದ್ಯಕ್ಕೆ ಇಳಿಸಬಹುದಾದವರ ಪಟ್ಟಿಯಲ್ಲಿ, 26 ಮಂದಿಗಷ್ಟೇ ಜಾಗವಿದೆ, ಸೆಪ್ಟೆಂಬರ್‌ನಲ್ಲಿ 28. ಹೊಸಬನನ್ನು ಮೇಲಕ್ಕೆ ಕರೆಸಿ ಎನ್ನುವವರು ಯಾರನ್ನು ಕೈಬಿಡಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಆಯ್ಕೆಯ ಕ್ರಮಾಂಕವನ್ನೇ ತಕ್ಕಡಿಯಾಗಿಸಬೇಡಿ. ಮುಂದೆ ದೊಡ್ಡ ತಾರೆಗಳಾದ ಮೈಕ್ ಟ್ರೌಟ್ 2009ರಲ್ಲಿ 25ನೆಯವರಾಗಿ, ಆಲ್ಬರ್ಟ್ ಪುಹೋಲ್ಸ್ 1999ರಲ್ಲಿ 13ನೇ ಸುತ್ತಿನಲ್ಲಿ ಆಯ್ಕೆಯಾದರೆ, ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಮೈಕ್ ಪಿಯಾಜಾ ಅವರನ್ನು 1988ರಲ್ಲಿ ಆರಿಸಿದ್ದು 62ನೇ ಸುತ್ತಿನಲ್ಲಿ.

ಅಂಕಿಅಂಶ ಓದುವಾಗ ವಯಸ್ಸನ್ನೂ ನೋಡಿ: ಕಿರಿಯ ಲೀಗುಗಳಲ್ಲಿ ಮುಖ್ಯ ತಂಡಕ್ಕಿಂತ ಎರಡು ಮೆಟ್ಟಿಲು ಕೆಳಗಿರುವ ಡಬಲ್ ಎ ಹಂತದಲ್ಲಿ 20 ವರ್ಷದವನ ಸಾಧಾರಣ ಬ್ಯಾಟಿಂಗ್, ಅಲ್ಲೇ ಆಡುವ 26 ವರ್ಷದವನ ಮಿಂಚಿಗಿಂತ ಹೆಚ್ಚು ಭರವಸೆ ನೀಡಬಲ್ಲದು. ಬಾಜಿ ಕಟ್ಟಲೇಬೇಕೆಂದಿದ್ದರೆ ಕಾಲು ಕಿಲೋ ಕುಂದಾ ಸಾಕು.