ಮೆಷಿನ್ ಕೊಡ್ತೀವಿ, ಸಂಬಳ ಮಾತ್ರ ಕೇಳ್ಬೇಡಿ

ಮಾನಸಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ ಮೇಲೆ ಮಂಡ್ಯದ ಒಂದು ಸಣ್ಣ ಟ್ರಸ್ಟ್‌ನಲ್ಲಿ ಫೀಲ್ಡ್ ಕೆಲಸಕ್ಕೆ ಸೇರಿದೆ. ಟಿಬಿ ರೋಗಿಗಳ ಮನೆಗೆ ಹೋಗಿ ಮಾತ್ರೆ ತಗೊಂಡ್ರಾ ಅಂತ ವಿಚಾರಿಸುವ ಕೆಲಸ. ಈಗ ಅದೇ ಟ್ರಸ್ಟನ್ನು ನಡೆಸುತ್ತಿದ್ದೇನೆ.

ನಿರ್ದೇಶಕಿ ಅಂದರೆ ವೇದಿಕೆ, ಶಾಲು, ಮೈಸೂರು ಪೇಟ ಅಂದುಕೊಂಡಿದ್ದಾರೆ ಜನ. ನನ್ನ ಸಮಯ ಜಾಸ್ತಿ ಹೋಗುವುದು ಸಂಬಳ ಹೊಂದಿಸುವುದರಲ್ಲಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ, ಇಡಬೇಕು. ಇಡುತ್ತಾರೆ, ಆದರೆ ಮೆಷಿನ್‌ನಂಥ ಫೋಟೊದಲ್ಲಿ ಕಾಣುವಂಥದ್ದಕ್ಕೆ, ಸಂಬಳಕ್ಕಲ್ಲ. ಇನ್ನು ವಿದೇಶಿ ದುಡ್ಡು ಪಡೆದ ದೊಡ್ಡ ಸಂಸ್ಥೆಗಳು ನಮ್ಮಂಥವರಿಗೆ ಹಂಚುತ್ತಿದ್ದವು. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಿದ್ದುಪಡಿ ಬಂದು ಹಾಗೆ ಹಂಚುವುದೂ ನಿಂತಿತು.

ಟಿಬಿಯಲ್ಲಿ ಕೆಲಸ ಮಾಡುವುದು ಮೆಷಿನ್ ಅಲ್ಲ, ಬೆನ್ನುಹತ್ತುವ ಮನುಷ್ಯರು. ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ, ಊಟ ಸೇರುತ್ತೆ, ಅಲ್ಲಿಗೆ ಮಾತ್ರೆಯೂ ನಿಲ್ಲುತ್ತೆ. ಬೇರೆ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದವರಾದರೆ ಕಟಾವು ಮುಗಿದ ದಿನವೇ ಗಂಟುಮೂಟೆ ಕಟ್ಟಿರುತ್ತಾರೆ. ಟಿಬಿ ರೋಗಿಯ ಊಟಕ್ಕೆ ಅಂತ ಸರ್ಕಾರ ಬ್ಯಾಂಕ್ ಖಾತೆಗೆ ಹಾಕುವ ನಿಕ್ಷಯ್ ಪೋಷಣ್ ದುಡ್ಡು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ, ಸಂತೋಷ, ಆದರೆ ಪಾಸ್‌ಬುಕ್ ಊರಲ್ಲಿ, ರೋಗಿ ಇಲ್ಲಿ!

ಹಾಗಾಗಿ ಸಂಬಳ, ಪೆಟ್ರೋಲು, ಫೋನ್ ಕರೆನ್ಸಿ ಎಲ್ಲವನ್ನೂ ಸೇರಿಸಿ "ಒಬ್ಬ ರೋಗಿಯ ಚಿಕಿತ್ಸೆ ಪೂರ್ತಿ ಮಾಡಿಸುವ ಖರ್ಚು" ಅಂತ ಬಜೆಟ್‌ನಲ್ಲಿ ಒಂದೇ ಸಾಲು ಬರೆಯಲು ಶುರು ಮಾಡಿದೆ. ಕಂಪನಿಯ ಅಧಿಕಾರಿಯೊಬ್ಬರಿಗೆ ಪಿಪಿಟಿ ತೋರಿಸುವ ಬದಲು ನಮ್ಮ ಫೀಲ್ಡ್ ಕೆಲಸದ ಹುಡುಗಿಯ ಸ್ಕೂಟರ್ ಹಿಂದೆ ಕೂರಿಸಿ ಕಳಿಸಿದೆ. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ರೋಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಆ ಹೊಗೆಯಲ್ಲೇ ಅವಳು ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಎಣಿಸಿದಳು. "ಅಣ್ಣ, ನಿನ್ನೇದು ಹಂಗೇ ಐತಲ್ಲ?" ಅಂದಳು. ಅವನು ನಕ್ಕು ನೀರು ತರಲು ಎದ್ದ. ಅಧಿಕಾರಿ ಪೆಟ್ರೋಲು, ಫೋನು ಒಪ್ಪಿದರು. ಸಂಬಳ ಅರ್ಧ.

ಈ ದಾರಿಗೆ ಬರುವವರು ಮೊದಲು ಲೆಕ್ಕ ಕಲಿಯಿರಿ. ತೆರಿಗೆ ವಿನಾಯಿತಿಯ ನೋಂದಣಿ, ಬಂದ ಹಣ ಬಳಸಿದ್ದಕ್ಕೆ ಕೊಡುವ ಪ್ರಮಾಣಪತ್ರ (ಯುಸಿ) ಎಲ್ಲಾ ಆಡಿಟರ್ ನೋಡಿಕೊಳ್ತಾರೆ ಅಂತ ಸುಮ್ನೆ ಕೂರಬೇಡಿ. ಆಶಾ ಕಾರ್ಯಕರ್ತೆ ಹುಡುಕಿದ ರೋಗಿಯನ್ನು ನಿಮ್ಮ ವರದಿಯಲ್ಲಿ ನಿಮ್ಮದು ಅಂತ ಬರೆದುಕೊಂಡರೆ ಮುಂದಿನ ಸಲ ಆಕೆ ಫೋನೇ ಎತ್ತುವುದಿಲ್ಲ. ಮೂರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಇಲ್ಲದೆ ಹೊಸ ಪ್ರಾಜೆಕ್ಟ್ ಒಪ್ಪಬೇಡಿ, ಯಾಕೆಂದರೆ ದುಡ್ಡು ಕೊಡುವವರ ಕಂತು ತಡವಾಗಿಯೇ ಬರುತ್ತದೆ.