ಕ್ಯಾಲೆಂಡರಿನಲ್ಲಿ ನಿದ್ದೆಯ ಲೆಕ್ಕ

ರಾತ್ರಿ ಮೂರು ಗಂಟೆಗೆ ಅಂಗಳದಲ್ಲಿ ಬಕೆಟ್ ಸದ್ದು. ಎದ್ದು ನೋಡಿದರೆ ನಮ್ಮ ಮನೆಯವರು ಬೈಕ್ ತೊಳೆಯುತ್ತಿದ್ದರು. ಹಳೆಯ ಟೂತ್‌ಬ್ರಶ್ಶಿನಿಂದ ಚಕ್ರದ ಒಂದೊಂದು ಕಡ್ಡಿಯನ್ನೂ ಉಜ್ಜುತ್ತಾ, ಹಾಡು ಗುನುಗುತ್ತಾ. "ನಿದ್ದೆ ಬರ್ತಿಲ್ಲ ಅಷ್ಟೇ, ನೀ ಮಲಗು" ಅಂದರು. ಖುಷಿಯಾಗಿದ್ದಾರಲ್ಲ ಅಂತ ಮಲಗಿಬಿಟ್ಟೆ. ಹತ್ತು ದಿನದೊಳಗೆ ನನ್ನ ಬಳೆ ಅಡವಿಟ್ಟು, ಯಾರಿಗೋ ಅಡಿಕೆ ವ್ಯಾಪಾರದ ಮುಂಗಡ ಅಂತ ಕೊಟ್ಟು ಬಂದಿದ್ದರು. ಮನಸ್ಸು ಒಮ್ಮೆ ಮಿತಿಮೀರಿದ ಹುರುಪಿಗೆ, ಒಮ್ಮೆ ತೀರಾ ಕುಗ್ಗುವಿಕೆಗೆ ಜಾರುವ ಕಾಯಿಲೆ, ಬೈಪೋಲಾರ್ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಹಾಗೆ.

ಆಮೇಲೆ ನಾನು ಕಾವಲುಗಾರಳಾದೆ. ಮಾತ್ರೆ ಎಣಿಸುವುದು, ಫೋನ್ ನೋಡುವುದು, ರಾತ್ರಿಯಿಡೀ ಕಿವಿ ತೆರೆದು ಮಲಗುವುದು. "ನಾನೇನು ಕಳ್ಳನೇನೇ?" ಅಂತ ಅವರು ಕೂಗಾಡುವರು. ನೆಂಟರದ್ದು ಇನ್ನೊಂದು: "ಹೆಂಡತಿ ಸರಿಯಾಗಿ ನೋಡ್ಕೊಂಡಿದ್ರೆ ಹೀಗಾಗ್ತಿತ್ತಾ?" ಈ ಮಾತು ಕಾಯಿಲೆಗಿಂತ ಹೆಚ್ಚು ಸುಟ್ಟಿತು. ಎರಡು ವರ್ಷಕ್ಕೆ ನನಗೇ ಬಿಪಿ ಶುರುವಾಯಿತು.

ಅವರು ಚೆನ್ನಾಗಿದ್ದ ಒಂದು ಭಾನುವಾರ ಹಾಳೆ ಪೆನ್ನು ಹಿಡಿದು ಇಬ್ಬರೂ ಕೂತೆವು. ಅವರದೇ ಕೈಬರಹ: ಎರಡು ರಾತ್ರಿ ಸತತ ಐದು ಗಂಟೆಗಿಂತ ಕಡಿಮೆ ನಿದ್ದೆಯಾದರೆ ಡಾಕ್ಟರಿಗೆ ಫೋನ್, ಎಟಿಎಂ ಕಾರ್ಡ್ ನನ್ನ ಕೈಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ಚಿಕಿತ್ಸೆಯ ವಿಷಯದಲ್ಲಿ ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ರೋಗಿಯೇ ಆರಿಸಿಕೊಳ್ಳಬಹುದು. ಅವರು ನನ್ನ ಹೆಸರು ಬರೆಯಲಿಲ್ಲ, ತಮ್ಮನ ಹೆಸರು ಬರೆದರು. ನನಗೆ ಚುಚ್ಚಿತು.

"ನೀ ಆಸ್ಪತ್ರೆಗೆ ಸೇರಿಸಿದ್ರೆ ಆ ಸಿಟ್ಟು ಈ ಮನೇಲೇ ಉಳಿಯುತ್ತೆ. ಅವನ ಮೇಲೆ ಸಿಟ್ಟಾದ್ರೆ ಅವನು ಅವನ ಮನೆಗೆ ಹೋಗ್ತಾನೆ" ಅಂದರು.

ಆ ರಾತ್ರಿ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.

ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಮಾತ್ರೆ ನುಂಗುವವರ ಮನೆಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಲಿಥಿಯಂ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ತಾಸು ಕಳೆದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು. ಇಲ್ಲದಿದ್ದರೆ ರಿಪೋರ್ಟ್ ದಾರಿ ತಪ್ಪಿಸುತ್ತದೆ. ಒಂದು ಏಪ್ರಿಲ್‌ನಲ್ಲಿ ಇವರಿಗೆ ವಾಂತಿ ಭೇದಿ. ಮೈಕೈ ನೋವಿಗೆ ಅಂತ ಐಬುಪ್ರೊಫೆನ್ ಬೇರೆ ನುಂಗಿದ್ದರು. ಮರುದಿನ ಸ್ಟೀಲ್ ಲೋಟ ಬಟ್ಟಲಿಗೆ ಟಕಟಕ ಬಡಿಯುವಷ್ಟು ಕೈ ನಡುಕ, ಕುಡಿದವರ ಹಾಗೆ ನಡಿಗೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೂ, ಈ ಬಗೆಯ ನೋವಿನ ಮಾತ್ರೆ ಸೇರಿದರೂ ಲಿಥಿಯಂ ರಕ್ತದಲ್ಲಿ ಏರುತ್ತದೆ. ಮದ್ದಿಗೂ ವಿಷಕ್ಕೂ ನಡುವೆ ಇರುವುದು ಕೂದಲೆಳೆ. ಕೂಡಲೇ ಆಸ್ಪತ್ರೆಗೆ ಓಡಿದೆವು.

ನನಗೂ ಯಾರಾದರೂ ಬೇಕಲ್ಲ. ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಅತ್ತೆ. ನೋಡಿಕೊಳ್ಳುವವರೂ ಮಾಡಬಹುದು, ಉಚಿತ. ಗುರುವಾರ ಸಂಜೆ ಮೈದುನ ಬಂದು ಕೂರುತ್ತಾನೆ, ನಾನು ನನ್ನಷ್ಟಕ್ಕೆ ಹೊರಗೆ ಹೋಗುತ್ತೇನೆ.

ಈಗ ಅಡುಗೆಮನೆ ಕ್ಯಾಲೆಂಡರಿನಲ್ಲಿ ನಿದ್ದೆಯ ಲೆಕ್ಕ ಬರೆಯುವುದು ಅವರೇ. ಹೋದ ತಿಂಗಳು ಮಂಗಳವಾರ ನಾಲ್ಕೂವರೆ, ಬುಧವಾರ ನಾಲ್ಕು ಅಂತ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಎಟಿಎಂ ಕಾರ್ಡ್ ಫ್ರಿಜ್ ಮೇಲೆ ಇಟ್ಟಿದ್ದರು.