ಓದಿದ್ರ ಸಾಲದು, ಬರೆದ್ರನ ಲೆಕ್ಕ: ವರ್ಷದ ಓದಿನ ಗುರಿ ಹಾಕೂದು ಹೆಂಗ?

ಹೊಸ ವರ್ಷ ಬಂತಂದ್ರ ಈ ಸಲ 50 ಪುಸ್ತಕ ಓದ್ತೀನಿ ಅಂತ ಸ್ಟೇಟಸ್ ಹಾಕೋ ಹುಡುಗ್ರು ಹುಡಿಗ್ಯಾರು ಈಗ ನಮ್ಮ ಕೊಪ್ಪಳ, ಗಂಗಾವತಿ ಕಡೆನೂ ಭಾಳ ಮಂದಿ ಅದಾರ, ನೋಡಿ ನನಗ ಖರೇನ ಖುಷಿ ಆಗ್ತೈತಿ. ಆದ್ರ ಪರೀಕ್ಷೆ ಹತ್ರ ಬರೂದ್ರಾಗ ಆ ಓದು ಎಲ್ಲೋ ನಿಂತ್ಬಿಟ್ಟಿರ್ತೈತಿ. ಅದಕ್ಕ ಕಾರಣ ಸೋಮಾರಿತನ ಅಲ್ರಿ, ಗುರಿ ಇಟ್ಕೊಂಡ ರೀತಿ. ನಾ ಹೇಳೂದು ಇಷ್ಟ, ಸಂಖ್ಯೆ ಸಣ್ಣದಿರ್ಲಿ, ಆದ್ರ ಓದಿದ ಒಂದೊಂದು ಪುಸ್ತಕಕ್ಕೂ ನೀವ ಬರೆದ ಒಂದು ಸಣ್ಣ ವಿಮರ್ಶೆ ಇರ್ಲಿ, ಅದು ಬರೆಯೋ ತನಕ ಆ ಪುಸ್ತಕ ಲೆಕ್ಕಕ್ಕ ಹಿಡಿಬ್ಯಾಡ್ರಿ.

ಪುಸ್ತಕ ಎಣಿಸಬ್ಯಾಡ್ರಿ, ಪುಟ ಎಣಿಸ್ರಿ

ಓದಿದ ಪುಸ್ತಕದ ಲೆಕ್ಕ ಇಡೋ ಗುಡ್‌ರೀಡ್ಸ್ ವೆಬ್‌ಸೈಟಿನಾಗ ವರ್ಷದ ಚಾಲೆಂಜ್ ಅಂತ ಇರ್ತೈತಲ್ಲ, ಅಲ್ಲಿ 100 ಪುಟದ್ದೂ ಒಂದ ಪುಸ್ತಕ, 550 ಪುಟದ್ದೂ ಒಂದ ಪುಸ್ತಕ. ಹಿಂಗಾಗಿ ಸಂಖ್ಯೆ ಮುಟ್ಟಿಸಬೇಕು ಅನ್ನೋರು ತಮಗ ಗೊತ್ತಿಲ್ದಂಗ ತೆಳ್ಳನ್ನವ ಆರಿಸ್ತಾರ. ಅದರ ಬದ್ಲಿ ದಿನಕ್ಕ 10 ಪುಟ ಅಂತ ಹಿಡ್ಕೋರಿ, ವರ್ಷಕ್ಕ 3650 ಪುಟ ಆತು, 200 ಪುಟದ ಕಾದಂಬರಿ ಅಂದ್ರ 18 ಆಗ್ತಾವ. ಒಂದು ಪುಟಕ್ಕ ಎರಡು ನಿಮಿಷ ಹಿಡಿದ್ರೂ ದಿನಕ್ಕ 20 ನಿಮಿಷದ ಕೆಲಸ. ಇನ್ನ ಪರೀಕ್ಷೆ, ಜ್ವರ, ಮದುವಿ, ಊರಿಗೆ ಹೋಗೂದು ಎಲ್ಲಾ ತೆಗೆದು 12 ಅಂತ ಬರ್ಕೋರಿ, ಇದು ಮುಟ್ಟೋ ಗುರಿ.

ಆ 12ನ್ನ ತಿಂಗಳಿಗೊಂದು ಅಂತ ಸಮ ಹಂಚಬ್ಯಾಡ್ರಿ. ಜನವರಿಯಾಗ ಸಾಮಾನ್ಯವಾಗಿ ಗವಿಮಠದ ಜಾತ್ರಿ ಬರ್ತೈತಿ, ಮನಿ ತುಂಬ ಬೀಗ್ರು ಇರ್ತಾರ, ಆಮ್ಯಾಲ ಎಸೆಸೆಲ್ಸಿ, ಪಿಯುಸಿ ಪರೀಕ್ಷೆ. ನಮ್ಮ ಕಡೆ ಓದಿಗೆ ಖರೇ ಸೀಸನ್ ಅಂದ್ರ ಏಪ್ರಿಲ್ ಮೇ. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ ಹೊರಗ ಕಾಲಿಡಾಕ ಆಗೂದಿಲ್ಲ, ಬಾಗಿಲು ಹಾಕಿ ಫ್ಯಾನಿನ ಕೆಳಗ ಕುಂತ್ರ ಮೂರು ನಾಕು ಕಾದಂಬರಿ ಆರಾಮ ಮುಗೀತಾವ, ದಪ್ಪ ಪುಸ್ತಕ ಆ ಹೊತ್ತಿಗೆ ಇಟ್ಕೋರಿ. ಹೊಲದ ಕೆಲಸ ಇರೋ ಮನ್ಯಾಗ ಬಿತ್ತಿಗಿ, ಭತ್ತ ಕೊಯ್ಯೋ ದಿನ ಓದು ಕಡಿಮಿ ಆದ್ರ ಅದನ್ನ ಸೋಲು ಅಂತ ತಿಳ್ಕೋಬ್ಯಾಡ್ರಿ.

ಪುಸ್ತಕ ಎಲ್ಲಿಂದ ತರೂದು

ಎಲ್ಲಾ ಕೊಂಡು ಓದಬೇಕಂತಿಲ್ಲ. 2020ರಾಗ ಶುರುವಾದ ಓದುವ ಬೆಳಕು ಕಾರ್ಯಕ್ರಮದಾಗ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳೊಳಗ 6ರಿಂದ 18 ವರ್ಷದ ಮಕ್ಕಳಿಗೆ ಫ್ರೀ ಸದಸ್ಯತ್ವ ಕೊಟ್ಟಾರ, ನಿಮ್ಮೂರಾಗ ಹೋಗಿ ಕೇಳ್ರಿ. ಪಟ್ಟಣದಾಗ ಇರೋರಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯ ಐತಿ. ಯಾವುದು ಆರಿಸಬೇಕು ತಿಳೀಲಿಲ್ಲಂದ್ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ನೋಡ್ರಿ, 2022ರಾಗ ಕನ್ನಡಕ್ಕ ಅದು ಬಂದಿದ್ದು ತಮ್ಮಣ್ಣ ಬೀಗಾರರ ಬಾವಲಿ ಗುಹೆ ಕಾದಂಬರಿಗೆ. ಇನ್ನ ಯಂಗ್ ಅಡಲ್ಟ್ ಪುಸ್ತಕ ಅಂತ ಬರ್ತಾವ, ಅವು 12ರಿಂದ 18ರ ವಯಸ್ಸಿನೋರಿಗೆ ಅಂತ ಹೇಳ್ತಾರ, ನೀವು 40 ದಾಟಿದ್ರೂ ಓದ್ರಿ, ಮನ್ಯಾಗಿನ ಹುಡುಗ್ರು ಯಾಕ ಮಾತಾಡೂದು ಬಿಟ್ಟಾರ ಅನ್ನೂದು ಸ್ವಲ್ಪ ತಿಳೀತೈತಿ.

ಇನ್ನ ವಿಮರ್ಶೆ

ಭಾಳ ಮಂದಿ ಸಿಕ್ಕಿ ಬೀಳೂದು ಇಲ್ಲೇ. ವಿಮರ್ಶೆ ಅಂದ್ರ ಪ್ರೊಫೆಸರ್ರು ಬರೆಯೋದು ಅಂತ ಹೆದರ್ತಾರ, ಇಲ್ಲಾ ಕತಿ ಪೂರಾ ಬರೆದು ಕೊನಿಗೆ ಚೆನ್ನಾಗಿದೆ ಎಲ್ಲರೂ ಓದಿ ಅಂತ ಮುಗಿಸ್ತಾರ. ಎರಡೂ ಬ್ಯಾಡ. ಪುಸ್ತಕ ಮುಗಿದ ದಿನಾನ, ಅದನ್ನ ತೆರೀದ, ತಲ್ಯಾಗ ಏನು ಉಳದೈತೋ ಅದನ್ನ ಮೊದ್ಲು ಬರೀರಿ. ಆಮ್ಯಾಲ ಮೂರು ಪ್ರಶ್ನೆ ಕೇಳ್ಕೋರಿ. ಈ ಕತಿ ಯಾರು ಹೇಳಾಕತ್ತಾರ, ಅವರ ಮಾತು ನಂಬೂ ಹಂಗೈತೇನು? ಎಲ್ಲಿ ಬೇಸರಾಗಿ ಪುಸ್ತಕ ಕೆಳಗಿಟ್ಟೆ? ಇದನ್ನ ನನ್ನ ಗೊತ್ತಿನ ಯಾವ ಹುಡುಗನ ಕೈಯಾಗ ಕೊಡ್ತೀನಿ? ಈ ಮೂರನೇ ಪ್ರಶ್ನೆನ ವಿಮರ್ಶೆಯ ಜೀವ ಅಂತ ನಾ ನಂಬೀನಿ.

ಇತ್ತೀಚಿಗೆ ಓದಿದ್ದರಾಗ ಮೂರು ತೊಗೊಂಡು ತೋರಿಸ್ತೀನಿ. ಎಸ್. ಇ. ಹಿಂಟನ್ ಅವರ ದಿ ಔಟ್‌ಸೈಡರ್ಸ್ 1967ರಾಗ ಬಂತು, ಆಗ ಆಕಿಗೆ ಬರೀ 18 ವರ್ಷ. ಕತಿ ಹೇಳೋನು 14ರ ಪೋನಿಬಾಯ್, ಅಪ್ಪ ಅವ್ವ ಇಲ್ಲ, ದೊಡ್ಡಣ್ಣ ಮನಿ ನಡಸ್ತಾನ, ಓಣಿ ಓಣಿಗೆ ಬಡವರ ಗ್ಯಾಂಗು ಸಾಹುಕಾರರ ಗ್ಯಾಂಗು ಅಂತ ಹೊಡದಾಟ. ಭಾಷೆ ಅಲ್ಲಲ್ಲಿ ಭಾವುಕ ಆಗೈತಿ, ಆದ್ರ ಅಣ್ಣ ಬೈತಾನಂದ್ರ ಪ್ರೀತಿ ಇಲ್ಲ ಅಂತ ತಿಳಕೊಂಡ ತಮ್ಮನ ಸಂಕಟ ಇದೆಯಲ್ಲ, ಅದನ್ನ ಅದ ವಯಸ್ಸಿನೋರು ಬರೆದಿದ್ದಕ್ಕನ ಅಷ್ಟು ಖರೇ ಅನಿಸ್ತೈತಿ. ಅಣ್ಣನ ಜೋಡಿ ಜಗಳಾಡಿ ಮಾತು ಬಿಟ್ಟ ಹುಡುಗಂಗ ಇದನ್ನ ಕೊಡ್ತೀನಿ.

ಮಾರ್ಕಸ್ ಜೂಸಾಕ್ ಅವರ ದಿ ಬುಕ್ ಥೀಫ್, 2005ರದ್ದು, ಹಿಟ್ಲರನ ಜರ್ಮನಿಯಾಗ ನಡೀತೈತಿ, ಕತಿ ಹೇಳೂದು ಸಾವು. ಯಾರು ಸಾಯ್ತಾರ ಅನ್ನೂದನ್ನ ಮುಂಚೇನ ಹೇಳಿಬಿಡ್ತೈತಿ, ಆದ್ರೂ ನಾವು ಪುಟ ತಿರುವ್ತೀವಿ, ಯಾಕಂದ್ರ ಇಲ್ಲಿ ಏನಾತು ಅನ್ನೂದಕ್ಕಿಂತ ಹೆಂಗಾತು ಅನ್ನೂದು ದೊಡ್ಡದು. ಲೀಸೆಲ್ ಅನ್ನೋ ಹುಡಿಗಿ ತಮ್ಮನ್ನ ಮಣ್ಣು ಮಾಡೋ ಜಾಗದಾಗ ಸಿಕ್ಕ ಒಂದು ಪುಸ್ತಕ ಎತ್ಕೊಂಡು ಬರ್ತಾಳ, ಅದು ಕುಣಿ ತೋಡೋರ ಕೈಪಿಡಿ, ಅದನ್ನ ಇಟ್ಕೊಂಡು ಆಕಿನ್ನ ಸಾಕಿದ ಅಪ್ಪ ರಾತ್ರಿ ಹೊತ್ತು ಆಕಿಗೆ ಓದಾಕ ಕಲಿಸ್ತಾನ. ಈ ಭಾಗ ಓದಿ ನಾ ಪುಸ್ತಕ ಮುಚ್ಚಿ ಸುಮ್ನ ಕುಂತಿದ್ದೆ. ಶುರುವಿನ ಪುಟಗಳು ನಿಧಾನ ಅದಾವ, ಅದನ್ನ ವಿಮರ್ಶ್ಯಾಗ ಹೇಳಲೇಬೇಕು, ಇಲ್ಲಂದ್ರ ಓದೋ ಹುಡಿಗಿ ತನಗ ತಿಳೀಲಿಲ್ಲ ಅಂತ ಬಿಟ್ಟಾಳು.

ಮೂರನೇದ್ದು ತೇಜಸ್ವಿಯವರ ಕರ್ವಾಲೊ, 1980ರದ್ದು. ಹದಿಹರೆಯದೋರಿಗೆ ಅಂತ ಬರೆದಿದ್ದಲ್ಲ, ಆದ್ರ ಹತ್ತನೇ ಕ್ಲಾಸಿನ ಹುಡುಗ್ರಿಗೆ ಕೊಡಾಕ ಕನ್ನಡದಾಗ ಇದಕ್ಕಿಂತ ಒಳ್ಳೇದು ನನಗ ಹೊಳೀವಲ್ದು. ಊರಮಂದಿ ಕೆಲಸಕ್ಕ ಬಾರದವ ಅಂತ ತಿಳಿದ ಮಂದಣ್ಣನೊಳಗ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟಾ ನಿಸರ್ಗ ಬಲ್ಲವನ್ನ ಕಾಣ್ತಾರ, ಆಮ್ಯಾಲ ಎಲ್ಲರೂ ಕೂಡಿ ಹಾರೋ ಓತಿ ಹುಡುಕ್ಕೋಂತ ಕಾಡು ಹೊಗ್ತಾರ. ಓತಿ ಸಿಕ್ತೋ ಇಲ್ಲೋ ನಾ ಹೇಳೂದಿಲ್ಲ, ನೀವೂ ಬರೀಬ್ಯಾಡ್ರಿ, ಆ ಕುತೂಹಲ ಮುಂದಿನ ಓದುಗರ ಹಕ್ಕು. ಮಾರ್ಕ್ಸ್ ಕಡಿಮಿ ಬಂದು ಮನ್ಯಾಗ ಬೈಸ್ಕೊಂಡ ಹುಡುಗಂಗ ಮಂದಣ್ಣನ ಪರಿಚಯ ಆಗಬೇಕು ಅನ್ನೂದು ನನ್ನ ಆಸೆ.

ನೋಡಿದ್ರಲ್ಲ, ಒಂದೊಂದಕ್ಕ ಐದಾರು ಸಾಲು ಸಾಕು. ಹಿಡಿಸದ ಪುಸ್ತಕದ ಬಗ್ಗೆನೂ ಬರೀರಿ, ಆದ್ರ ಬೋರು ಅಂತ ಒಂದ ಮಾತಿಗೆ ಮುಗಿಸದ ಯಾವ ಪುಟದಾಗ ಯಾಕ ಬೋರಾತು ಅಂತ ಹೇಳ್ರಿ. 50 ಪುಟ ಓದಿದ ಮ್ಯಾಲೂ ಹತ್ತಲಿಲ್ಲಂದ್ರ ಬಿಡ್ರಿ, ಆ ಪುಟಗಳು ಲೆಕ್ಕಕ್ಕ ಸೇರ್ತಾವ, ಪುಸ್ತಕ ಸೇರೂದಿಲ್ಲ.

ಬರೆದಿದ್ದನ್ನ ಒಂದು 100 ಪುಟದ ನೋಟ್‌ಬುಕ್ಕಿನಾಗ ಇಡ್ರಿ, ಎಡಕ್ಕ ತಾರೀಖು, ಪುಟ, ಬಲಕ್ಕ ವಿಮರ್ಶೆ. ನಾಕು ಗೆಳೆಯರು ಸೇರಿ ವಾಟ್ಸಾಪ್ ಗ್ರೂಪಿನಾಗ ಹಂಚ್ಕೊಂಡ್ರ ಇನ್ನೂ ಚಲೋ, ಇಂಗ್ಲಿಷ್ ಪುಸ್ತಕಕ್ಕೂ ಕನ್ನಡದಾಗ ಬರೀರಿ, ನಮ್ಮೂರ ಹುಡುಗ್ರಿಗೆ ಅದರ ಬಗ್ಗೆ ಕನ್ನಡದಾಗ ಹೇಳೋರು ಕಡಿಮಿ. ಡಿಸೆಂಬರ್‌ನಾಗ ಎರಡು ಮೂರು ಕಡಿಮಿ ಬಿದ್ರ ಅವಸರಕ್ಕ ತೆಳ್ಳನ್ನವ ತುರುಕಬ್ಯಾಡ್ರಿ. ಅದರ ಬದ್ಲಿ ವರ್ಷದ ವಿಮರ್ಶೆ ಎಲ್ಲಾ ಒಮ್ಮೆ ಓದ್ರಿ, ಯಾವುದರ ಬಗ್ಗೆ ನಿಮ್ಮ ಅಭಿಪ್ರಾಯ ಬದ್ಲಾಗೈತೋ ಅದರ ಕೆಳಗ ಹೊಸ ತಾರೀಖು ಹಾಕಿ ಯಾಕ ಬದ್ಲಾತು ಅಂತ ಎರಡು ಸಾಲು ಸೇರಿಸ್ರಿ.